ತೆರೆಯ ಮೇಲಿನ ಯುದ್ಧ, ಭೀಮಾ ದಂಡೆಯ ನೆನಪು

ಸೆಪ್ಟೆಂಬರ್ 17 ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ರಾಷ್ಟ್ರಧ್ವಜ ಏರುತ್ತದೆ. 1948ರಲ್ಲಿ ಅದೇ ದಿನ ಹೈದರಾಬಾದಿನ ನಿಜಾಮರು ಭಾರತದ ಸೇನೆಯ ಮುಂದೆ ಸೋಲೊಪ್ಪಿಕೊಂಡರು. ಬಹುಕಾಲ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಕರೆಯಲಾಗುತ್ತಿದ್ದ ಈ ಆಚರಣೆಗೆ 2019ರಿಂದ ಕಲ್ಯಾಣ ಕರ್ನಾಟಕ ಉತ್ಸವವೆಂಬ ಹೆಸರಿದೆ. ಧ್ವಜವಂದನೆ, ಭಾಷಣ, ಮಕ್ಕಳಿಗೆ ಸಿಹಿ ಎಲ್ಲವೂ ನಡೆಯುತ್ತವೆ. ಆದರೆ 1948ರಲ್ಲಿ ನಮ್ಮ ಊರುಗಳಲ್ಲಿ ನಡೆದದ್ದೇನು ಎಂದು ಇಂದಿನ ಹುಡುಗರನ್ನು ಕೇಳಿ ನೋಡಿ. ಅವರಲ್ಲಿ ಅನೇಕರಿಗೆ ನೆನಪಾಗುವುದು ಭಾಷಣದಲ್ಲಿ ಕೇಳಿದ ಮಾತೂ ಅಲ್ಲ, ಪಠ್ಯಪುಸ್ತಕದ ಪಾಠವೂ ಅಲ್ಲ; ಸಿನಿಮಾದ ದೃಶ್ಯ, ಮೊಬೈಲಿಗೆ ಬಂದ ಸಿನಿಮಾದ ತುಣುಕು.

2024ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, 'ರಜಾಕಾರ್' ಎಂಬ ತೆಲುಗು ಚಿತ್ರ ತೆರೆಕಂಡಿತು. ಹೈದರಾಬಾದಿನ ಮೌನ ನರಮೇಧ ಎಂಬುದು ಅದರ ಅಡಿಶೀರ್ಷಿಕೆಯ ಅರ್ಥ. 2025ರ ಫೆಬ್ರವರಿಯಲ್ಲಿ ಸಂಭಾಜಿಯ ಕಥೆಯುಳ್ಳ 'ಛಾವಾ' ಬಂತು. ಮುಂದಿನ ತಿಂಗಳು ಔರಂಗಜೇಬನ ಗೋರಿಯನ್ನು ಕೀಳಬೇಕೆಂಬ ಕೂಗಿನ ಬೆನ್ನಿಗೆ ನಾಗಪುರದಲ್ಲಿ ಗಲಭೆಯಾಯಿತು. ಈ ಚಿತ್ರದಿಂದ ಜನರ ಸಿಟ್ಟು ಮತ್ತೆ ಕೆರಳಿದೆ ಎಂದು ಮಹಾರಾಷ್ಟ್ರದ ಮುಖ್ಯಮಂತ್ರಿಗಳೇ ವಿಧಾನಮಂಡಲದಲ್ಲಿ ಹೇಳಿದರು. ನಾಗಪುರ ನಮಗೆ ದೂರವಿರಬಹುದು. ಆದರೆ ಆಳಂದ, ಅಫಜಲಪುರದ ಜನರಿಗೆ ಮದುವೆಯ ಜವಳಿಗೂ ಆಸ್ಪತ್ರೆಗೂ ಸೊಲ್ಲಾಪುರವೇ ಹತ್ತಿರ. ಅಲ್ಲಿನ ಚಿತ್ರ, ಅಲ್ಲಿನ ಮಾತು, ಅಲ್ಲಿನ ಸಿಟ್ಟು ಅಕ್ಕಲಕೋಟೆಯ ಬಸ್ಸು ಹತ್ತಿ ನಮ್ಮೂರಿಗೂ ಬರುತ್ತವೆ.

ಇಂಥ ಚಿತ್ರಗಳನ್ನು ನಿಷೇಧಿಸಿ ಎಂದು ಕೇಳುವವರ ಸಾಲಿನಲ್ಲಿ ನಾವಿಲ್ಲ. ನಿಷೇಧದಿಂದ ಚಿತ್ರಕ್ಕೆ ಪ್ರಚಾರ ಸಿಗುತ್ತದೆಯೇ ಹೊರತು ಇತಿಹಾಸಕ್ಕೆ ನ್ಯಾಯ ಸಿಗುವುದಿಲ್ಲ. ನಾವು ಕೇಳಬೇಕೆಂದಿರುವುದು ಬೇರೆ ಪ್ರಶ್ನೆ. ಯುದ್ಧದ ಚಿತ್ರದಲ್ಲಿ ಒಂದು ಕಡೆಯ ಸೈನ್ಯವೆಲ್ಲ ಒಂದು ಧರ್ಮ, ಇನ್ನೊಂದು ಕಡೆಯ ಸೈನ್ಯವೆಲ್ಲ ಇನ್ನೊಂದು ಧರ್ಮ ಎಂದು ತೋರಿಸುತ್ತಾರಲ್ಲ, ನಮ್ಮ ನೆಲದಲ್ಲಿ ಅಂಥ ಯುದ್ಧ ಎಂದಾದರೂ ನಡೆದಿತ್ತೆ? ನಡೆದಿರದಿದ್ದರೆ, ಹಾಗೆ ತೋರಿಸಿದ್ದರ ಬೆಲೆಯನ್ನು ತೆರುತ್ತಿರುವವರು ಯಾರು?

ಮೊದಲು ಈ ನೆಲವನ್ನೊಮ್ಮೆ ನೋಡೋಣ. ಆಳಂದ ತಾಲ್ಲೂಕಿನಲ್ಲಿ ಹರಿಯುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಅಲ್ಲಿಂದ ಜೇವರ್ಗಿಯ ಕಡೆಗೆ ಇಳಿಯುತ್ತದೆ. ಮೂರು ತಾಲ್ಲೂಕುಗಳನ್ನು ಹೀಗೆ ನೀರು ಒಂದು ಮಾಡಿದೆ. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ ಇದೆ. ಅದೇ ಆವರಣದಲ್ಲಿ ರಾಘವ ಚೈತನ್ಯರ ಹೆಸರಿನ ಶಿವಲಿಂಗವಿದೆ. ಗಾಣಗಾಪುರದ ದತ್ತ ಪರಂಪರೆಯ 'ಗುರುಚರಿತ್ರೆ'ಯಲ್ಲಿ ಬೀದರದ ಮುಸ್ಲಿಂ ಅರಸನೊಬ್ಬ ಹುಣ್ಣಿನಿಂದ ನರಳಿ ನರಸಿಂಹ ಸರಸ್ವತಿಯವರ ಬಳಿ ಬಂದು ಗುಣಮುಖನಾಗುವ ಕಥೆಯಿದೆ. ಜೇವರ್ಗಿಗೆ ಸಮೀಪದಲ್ಲಿ, ಭೀಮೆಯ ದಂಡೆಯ ಮೇಲೆ, ಬಹಮನಿ ಸುಲ್ತಾನ ಫಿರೋಜ್ ಶಾಹ ಕಟ್ಟಿಸಿದ ಫಿರೋಜಾಬಾದ್ ನಗರದ ಕೋಟೆ, ಮಸೀದಿ, ಅರಮನೆಗಳ ಅವಶೇಷಗಳು ಇಂದಿಗೂ ನಿಂತಿವೆ.

ಈ ಫಿರೋಜ್ ಶಾಹ (1397–1422) ವಿಜಯನಗರದೊಡನೆ ಹಲವು ಸಲ ಕಾದಾಡಿದವನು. ಹಿಂದೂ ರಾಜ್ಯ, ಮುಸ್ಲಿಂ ರಾಜ್ಯಗಳ ಕಾಳಗವೆಂದು ಚಿತ್ರ ತೆಗೆಯಲು ಇದಕ್ಕಿಂತ ಸುಲಭದ ಕಥೆ ಸಿಗಲಿಕ್ಕಿಲ್ಲ. ಆದರೆ ಇತಿಹಾಸಕಾರ ಫೆರಿಸ್ತಾ ಬರೆದಿಟ್ಟಿರುವಂತೆ ಇದೇ ಫಿರೋಜ್ ಶಾಹ ವಿಜಯನಗರದ ದೇವರಾಯನ ಅಳಿಯನಾದ. ಆಡಳಿತದಲ್ಲಿ ಬ್ರಾಹ್ಮಣರಿಗೆ ಹುದ್ದೆಗಳನ್ನು ಕೊಟ್ಟ. ಅತ್ತ ವಿಜಯನಗರದಲ್ಲಿ ಇಮ್ಮಡಿ ದೇವರಾಯ (1424–1446) ಮುಸ್ಲಿಂ ಬಿಲ್ಗಾರರನ್ನೂ ರಾವುತರನ್ನೂ ಸೈನ್ಯಕ್ಕೆ ಸೇರಿಸಿಕೊಂಡು ಅವರಿಗೆ ಜಹಗೀರುಗಳನ್ನು ಕೊಟ್ಟ. ಅವನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಹಂಪಿಯಲ್ಲಿ ಕಟ್ಟಿಸಿದ ಮಸೀದಿ ಈಗಲೂ ಇದೆ. ಬಹಮನಿಗಳ ವಿರುದ್ಧ ವಿಜಯನಗರದ ಪರವಾಗಿ ಬಾಣ ಬಿಟ್ಟ ಮುಸ್ಲಿಮರನ್ನು ಯಾವ ಬಣ್ಣದ ಪೇಟ ಕಟ್ಟಿ ತೋರಿಸುವುದು?

ಇದು ಒಂದು ಕಾಲದ ವಿಚಿತ್ರವಲ್ಲ. 1565ರ ರಕ್ಕಸಗಿ ತಂಗಡಗಿಯ ಕಾಳಗದಲ್ಲಿ ವಿಜಯನಗರದ ದಳಗಳಲ್ಲಿ ಮುಸ್ಲಿಂ ಸರದಾರರಿದ್ದರು. ಬಿಜಾಪುರದ ಸೈನ್ಯದಲ್ಲಿ ಮರಾಠರಿದ್ದರು. ವಿಜಯನಗರವನ್ನು ಮುನ್ನಡೆಸಿದ ರಾಮರಾಯ ತಾರುಣ್ಯದಲ್ಲಿ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದವನು. 1659ರಲ್ಲಿ ಪ್ರತಾಪಗಡದಲ್ಲಿ ಶಿವಾಜಿಯ ಅಂಗರಕ್ಷಕರ ಪೈಕಿ ಸಿದ್ದಿ ಇಬ್ರಾಹಿಂ ಇದ್ದ; ಬಿಜಾಪುರದ ಅಫಜಲ ಖಾನನ ವಕೀಲನಾಗಿ ಬಂದವನು ಕೃಷ್ಣಾಜಿ ಭಾಸ್ಕರ ಕುಲಕರ್ಣಿ. 1761ರ ಪಾಣಿಪತ್ತಿನಲ್ಲಿ ಅಫಘಾನರ ಮೇಲೆ ಮರಾಠರ ತೋಪುಗಳನ್ನು ಹಾರಿಸಿದವನು ಇಬ್ರಾಹಿಂ ಖಾನ್ ಗಾರ್ದಿ.

ಜೇವರ್ಗಿಯ ನೆರೆಯ ಸುರಪುರವನ್ನೇ ನೋಡಿ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ದಂಗೆಯೆದ್ದಾಗ ಅವನ ಬೇಡರ ಪಡೆಯೊಂದಿಗೆ ಅರಬರೂ ರೋಹಿಲರೂ ಇದ್ದರು. ಹೈದರಾಬಾದಿನ ನಿಜಾಮರು ಬ್ರಿಟಿಷರ ಕಡೆಗಿದ್ದರು. ಬೇಡ ನಾಯಕ ಮತ್ತು ಅರಬ ಸಿಪಾಯಿ ಒಂದು ಕಡೆ, ಮುಸ್ಲಿಂ ದೊರೆ ಮತ್ತು ಇಂಗ್ಲಿಷ್ ಅಧಿಕಾರಿ ಇನ್ನೊಂದು ಕಡೆ. ನಮ್ಮ ಪ್ರದೇಶದ ಯುದ್ಧಗಳ ನಿಜರೂಪ ಇದು. ಸಿಪಾಯಿ ಸಂಬಳಕ್ಕೆ, ಭೂಮಿಗೆ, ಒಡೆಯನ ಉಪ್ಪಿಗೆ, ಊರಿನ ಅಭಿಮಾನಕ್ಕೆ ಹೋರಾಡಿದ. ಅವನ ದೇವರು ಅವನ ಜೊತೆಗಿದ್ದ, ನಿಜ. ಆದರೆ ಯಾವ ಪಾಳೆಯದಲ್ಲಿ ನಿಲ್ಲಬೇಕೆಂಬುದನ್ನು ದೇವರೊಬ್ಬನೇ ತೀರ್ಮಾನಿಸಲಿಲ್ಲ.

ಸಿನಿಮಾದವರ ಕಷ್ಟವೂ ನಮಗೆ ಅರ್ಥವಾಗುತ್ತದೆ. ಎರಡೂವರೆ ತಾಸಿನಲ್ಲಿ ಕಥೆ ಮುಗಿಯಬೇಕು. ಧೂಳಿನಲ್ಲಿ ಕುದುರೆಗಳು ಓಡುವಾಗ ಯಾರು ಯಾರ ಕಡೆಯವರೆಂಬುದು ನೋಡುವವನಿಗೆ ಕ್ಷಣದಲ್ಲಿ ತಿಳಿಯಬೇಕು. ಅದಕ್ಕಾಗಿ ಒಂದು ಪಡೆಗೆ ಕೇಸರಿ, ಒಂದು ಪಡೆಗೆ ಹಸಿರು ಅಥವಾ ಕಪ್ಪು. ನಾಯಕನಿಗೆ ಸರಿಸಾಟಿಯಾದ ಒಬ್ಬ ಖಳ ಬೇಕು. ಅವನ ಕಣ್ಣಿಗೆ ಸುರ್ಮಾ, ಕೈಯಲ್ಲಿ ಮಾಂಸದ ತುಂಡು, ಸುತ್ತ ಕತ್ತಲು. 2018ರ 'ಪದ್ಮಾವತ್' ಚಿತ್ರದ ಖಿಲ್ಜಿಯನ್ನು ನೋಡಿದವರಿಗೆ ಈ ವೇಷ ಹೊಸದಲ್ಲ. ಕನ್ನಡದ 'ರಣಧೀರ ಕಂಠೀರವ' (1960), 'ಶ್ರೀಕೃಷ್ಣದೇವರಾಯ' (1970), 'ಮಯೂರ' (1975)ಗಳ ಕಾಲದಲ್ಲಿಯೂ ನಾಯಕ ದೊಡ್ಡವನು, ಶತ್ರು ಕೆಟ್ಟವನೇ. ಆದರೆ ಕಂಪನಿ ನಾಟಕದ ಮಾತು ಮತ್ತು ಹಾಡುಗಳಲ್ಲಿ ಬೆಳೆದ ಆ ಚಿತ್ರಗಳನ್ನು ನೋಡಿ ಬಂದವರು ನೆರೆಮನೆಯವನನ್ನು ಬೇರೆ ಕಣ್ಣಿನಿಂದ ನೋಡಲಿಲ್ಲ. ಇಂದು ಕೆಲವು ಚಿತ್ರಗಳು ತೆರೆಯ ಮೇಲಿನ ಶತ್ರು ಸತ್ತ ಮೇಲೂ ಶತ್ರು ಹೊರಗೆ ಇನ್ನೂ ಇದ್ದಾನೆ ಎಂಬ ಭಾವನೆಯಲ್ಲಿ ನೋಡುಗನನ್ನು ಮನೆಗೆ ಕಳಿಸುತ್ತವೆ. ಆ ಶತ್ರುವಿನ ಹೆಸರಿನವನೊಬ್ಬ ಅದೇ ಓಣಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಿರುತ್ತಾನೆ.

ಈಗ 1948ಕ್ಕೆ ಬರೋಣ. ಮೊದಲೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ರಜಾಕಾರರು ಮಾಡಿದ ಕೊಲೆ, ಸುಲಿಗೆ, ಅತ್ಯಾಚಾರಗಳು ನಿಜ. ಬೀದರ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡ ನಿಜ. ಗಡಿಯಾಚೆಗೆ, ಸೊಲ್ಲಾಪುರ ಮತ್ತು ಬಿಜಾಪುರ ಜಿಲ್ಲೆಗಳಿಗೆ ಓಡಿಹೋದ ಕುಟುಂಬಗಳ ಸಂಕಟ ನಿಜ. ಭೀಮೆಯಾಚೆಯ ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ನಡೆಸಿದ ಹೋರಾಟ ನ್ಯಾಯವಾದದ್ದು. ಇದನ್ನು ಮರೆಮಾಚುವ ಮುಸ್ಲಿಂ ಬರಹಗಾರ ತನ್ನ ಸಮುದಾಯಕ್ಕೆ ಉಪಕಾರ ಮಾಡುವುದಿಲ್ಲ. ನ್ಯಾಯಕ್ಕಾಗಿ ನಿಲ್ಲಿರಿ, ಸಾಕ್ಷ್ಯ ನಿಮ್ಮ ವಿರುದ್ಧವೇ ಆಗಿದ್ದರೂ ಸರಿ ಎಂಬುದು ನಾವು ನಂಬಿದ ಧರ್ಮ ಕಲಿಸಿದ ಪಾಠ.

ಆದರೆ ಆ ಕಾಲದ ಹೈದರಾಬಾದಿನಲ್ಲಿಯೂ ಪಾಳೆಯಗಳು ಎರಡು ಬಣ್ಣಗಳಲ್ಲಿ ಮುಗಿಯುತ್ತಿರಲಿಲ್ಲ. 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಹೈದರಾಬಾದು ಭಾರತವನ್ನು ಸೇರಬೇಕೆಂದು, ರಜಾಕಾರರ ಹಾವಳಿ ನಿಲ್ಲಬೇಕೆಂದು ಉರ್ದುವಿನಲ್ಲಿ ಬರೆದರು. 1948ರ ಆಗಸ್ಟ್‌ನಲ್ಲಿ ರಾತ್ರಿ ಮನೆಗೆ ಮರಳುತ್ತಿದ್ದ ಅವರ ಮೇಲೆ ರಜಾಕಾರರು ದಾಳಿ ಮಾಡಿ, ಬರೆಯುವ ಕೈಯನ್ನು ಕತ್ತರಿಸಿ ಕೊಂದರು. ಅತ್ತ, ನಿಜಾಮರ ಕೊನೆಯ ಪ್ರಧಾನಿ ಲಾಯಕ್ ಅಲಿಯ ಮಂತ್ರಿಮಂಡಲದಲ್ಲಿ ಪಿಂಗಳಿ ವೆಂಕಟರಾಮರೆಡ್ಡಿ ಇದ್ದರು, ದಲಿತ ನಾಯಕ ಬಿ.ಎಸ್. ವೆಂಕಟರಾವ್ ಇದ್ದರು. ವಿಶ್ವಸಂಸ್ಥೆಗೆ ಹೈದರಾಬಾದಿನ ಪರವಾಗಿ ಹೋದ ನಿಯೋಗದಲ್ಲಿ ದಲಿತ ನಾಯಕ ಬಿ. ಶ್ಯಾಮಸುಂದರ್ ಇದ್ದರು. ಅದೇ ಶ್ಯಾಮಸುಂದರ್ 1968ರಲ್ಲಿ ಕಲಬುರಗಿಯಲ್ಲಿ ಭೀಮಸೇನೆಯನ್ನು ಕಟ್ಟಿದರು. ಅವರು ನಿಜಾಮರ ಕಡೆ ಯಾಕೆ ನಿಂತರು ಎಂಬುದಕ್ಕೆ ಉತ್ತರ ಬೇಕಿದ್ದರೆ ಅಂದಿನ ಹಳ್ಳಿಯ ಜಾತಿ ಮತ್ತು ಜಮೀನಿನ ಲೆಕ್ಕ ತಿಳಿಯಬೇಕು. ತೆರೆಯ ಮೇಲಿನ ಎರಡು ಬಣ್ಣಗಳಲ್ಲಿ ಶೋಯೆಬುಲ್ಲಾರನ್ನು ಎಲ್ಲಿ ನಿಲ್ಲಿಸುವುದು? ಶ್ಯಾಮಸುಂದರರನ್ನು ಎಲ್ಲಿ ನಿಲ್ಲಿಸುವುದು?

1979ರ ತೆಲುಗು ಚಿತ್ರ 'ಮಾ ಭೂಮಿ'ಯನ್ನು ಇಲ್ಲಿ ನೆನೆಯಬೇಕು. ಕೃಷನ್ ಚಂದರ್ ಅವರ ಉರ್ದು ಕಾದಂಬರಿಯನ್ನು ಆಧರಿಸಿ ಗೌತಮ್ ಘೋಷ್ ನಿರ್ದೇಶಿಸಿದ ಆ ಚಿತ್ರದ ವಸ್ತುವೂ ಅದೇ ಕಾಲದ ಹೈದರಾಬಾದು, ತೆಲಂಗಾಣದ ರೈತ ಹೋರಾಟ. ಅಲ್ಲಿಯೂ ರಜಾಕಾರರಿದ್ದಾರೆ. ಆದರೆ ಅವರು ಯಾರ ಬೆಂಬಲಕ್ಕೆ ಬರುತ್ತಾರೆ, ಊರಿನ ದೊರೆಗೂ ಅವರಿಗೂ ಏನು ಸಂಬಂಧ, ಜೀತ ಮಾಡುವವನ ಮೇಲೆ ಭಾರ ಹೇಗೆ ಬೀಳುತ್ತದೆ ಎಂಬುದನ್ನು ಆ ಚಿತ್ರ ಕೇಳುತ್ತದೆ. ಕಡಿಮೆ ಹಣದಲ್ಲಿ ತೆಗೆದ ಆ ಚಿತ್ರಕ್ಕೆ ಸಾಧ್ಯವಾದದ್ದು ಇಂದು ಕೋಟಿಗಟ್ಟಲೆ ಸುರಿದು ತೆಗೆಯುವ ಚಿತ್ರಗಳಿಗೆ ಯಾಕೆ ಸಾಧ್ಯವಾಗುತ್ತಿಲ್ಲ?

ಇನ್ನು 'ಮೌನ' ಎಂಬ ಪದದ ವಿಚಾರ. 1948ರ ಸೆಪ್ಟೆಂಬರ್ 13ರ ಬೆಳಗ್ಗೆ ಮೇಜರ್ ಜನರಲ್ ಜೆ.ಎನ್. ಚೌಧರಿಯವರ ಪಡೆ ಸೊಲ್ಲಾಪುರದ ಕಡೆಯಿಂದ ಹೊರಟು ನಳದುರ್ಗವನ್ನು ಹಿಡಿಯಿತು. ನಳದುರ್ಗ ಆಳಂದದಿಂದ ದೂರವೇನಲ್ಲ. ಐದು ದಿನಗಳಲ್ಲಿ ಯುದ್ಧ ಮುಗಿಯಿತು. ಸಿನಿಮಾದ ಕಥೆ ಸಾಮಾನ್ಯವಾಗಿ ಮುಗಿಯುವುದೂ ಇಲ್ಲಿಗೇ: ಧ್ವಜ, ಜಯಘೋಷ, ಸರ್ದಾರ್ ಪಟೇಲರು. ನಮ್ಮ ಊರುಗಳ ಕೆಲವು ಮನೆಗಳಲ್ಲಿ ಕಥೆ ಶುರುವಾಗುವುದೇ ಅಲ್ಲಿಂದ ಮುಂದೆ.

ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯ ಸುದ್ದಿ ದೆಹಲಿಯನ್ನು ಮುಟ್ಟಿದಾಗ ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮುಂತಾದವರ ಸಮಿತಿಯನ್ನು ಕಳಿಸಿದರು. ಸಮಿತಿ ರಾಜ್ಯದ 16 ಜಿಲ್ಲೆಗಳ ಪೈಕಿ 9ರಲ್ಲಿ ಸುತ್ತಾಡಿ ವರದಿ ಕೊಟ್ಟಿತು. ಎಷ್ಟು ಎಚ್ಚರದಿಂದ ಲೆಕ್ಕ ಹಾಕಿದರೂ ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರ ಎಂದು ಅದು ಅಂದಾಜು ಮಾಡಿತು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ ಮತ್ತು ನಾಂದೇಡ. ಆಳಂದ, ಅಫಜಲಪುರ, ಜೇವರ್ಗಿಗಳನ್ನು ಒಳಗೊಂಡ ಗುಲಬರ್ಗಾ ಜಿಲ್ಲೆಯೊಂದರಲ್ಲಿಯೇ 5ರಿಂದ 8 ಸಾವಿರ ಜನ ಸತ್ತರೆಂದು ವರದಿ ಹೇಳಿತು. ಸರಕಾರ ಈ ವರದಿಯನ್ನು ಪ್ರಕಟಿಸಲಿಲ್ಲ. ಅದರ ಮಾತುಗಳು ದಶಕಗಳ ನಂತರ ಬಿಡಿಬಿಡಿಯಾಗಿ ಹೊರಬಂದವು, 2013ರಲ್ಲಿ ಎ.ಜಿ. ನೂರಾನಿಯವರು ಹೈದರಾಬಾದಿನ ಪತನವನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದ ಸುಮಾರಿಗೆ ವ್ಯಾಪಕ ಚರ್ಚೆಗೆ ಬಂದವು.

ಅಲ್ಲಿಯವರೆಗೂ, ಅನೇಕ ಕಡೆ ಅದರ ನಂತರವೂ, ಮನೆಗಳಲ್ಲಿ ಮೌನವೇ ಇತ್ತು. 'ಪೊಲೀಸ್ ಆಕ್ಷನ್ ಆದಾಗ' ಎಂದು ಒಂದು ಮಾತು ಬಂದರೆ ಅಜ್ಜಿಯರು ತಲೆಯ ಮೇಲಿನ ಸೆರಗು ಎಳೆದುಕೊಂಡು ಒಲೆಯ ಕಡೆ ತಿರುಗುತ್ತಿದ್ದರು. ಅದು ಭಯವೂ ಹೌದು, ಮರ್ಯಾದೆಯೂ ಹೌದು. ಕಳೆದುಕೊಂಡದ್ದನ್ನು ಎಣಿಸುತ್ತ ಕೂತರೆ ಅದೇ ಊರಿನಲ್ಲಿ, ಅದೇ ಜನರ ನಡುವೆ ಬಿತ್ತಿ ಬೆಳೆದು ಬದುಕುವುದಾದರೂ ಹೇಗೆ? ಆ ಹಿರಿಯರು ಬದುಕನ್ನು ಆರಿಸಿಕೊಂಡರು. ಅವರ ಮೌನವನ್ನು ನಾವು ಹೇಡಿತನವೆಂದು ಕರೆಯಲಾರೆವು. ಆದರೆ ಆ ಮೌನದ ಜಾಗದಲ್ಲಿ ಇಂದು ಸಿನಿಮಾ ಬಂದು ಕೂತಿದೆ. ಅವರು ಹೇಳದೆ ಉಳಿಸಿದ್ದನ್ನು ಬೇರೆಯವರು ತಮಗೆ ಬೇಕಾದಂತೆ ಹೇಳುತ್ತಿದ್ದಾರೆ.

ಸುಂದರಲಾಲ್ ವರದಿಯ ಸಾವಿನ ಅಂಕಿಗಳನ್ನಷ್ಟೇ ಎತ್ತಿ ಹೇಳುವವರಿಗೂ ಒಂದು ಮಾತಿದೆ. ಅದೇ ವರದಿ ಇನ್ನೊಂದು ಸಂಗತಿಯನ್ನು ದಾಖಲಿಸಿದೆ. ಎಷ್ಟೋ ಕಡೆ ಹಿಂದೂ ನೆರೆಯವರು ಮುಸ್ಲಿಮರನ್ನು ಕಾಪಾಡಿದರು. ಒಂದೇ ಕಸುಬಿನವರ ನಡುವೆ ಈ ಬಾಂಧವ್ಯ ಹೆಚ್ಚಿತ್ತು. ಹಿಂದೂ ನೇಕಾರರು ದಾಳಿಗೆ ಬಂದ ಹಿಂದೂಗಳನ್ನು ಎದುರಿಸಿ ಮುಸ್ಲಿಂ ನೇಕಾರರನ್ನು ಉಳಿಸಿದರು. ಕೆಲವರು ಅದಕ್ಕಾಗಿ ಪ್ರಾಣವನ್ನೇ ತೆತ್ತರು. ಅಪಹೃತರಾದ ಹೆಣ್ಣುಮಕ್ಕಳನ್ನು ಮರಳಿ ಮನೆ ಸೇರಿಸಲು ಅನೇಕ ಹಿಂದೂಗಳು ಸಹಾಯ ಮಾಡಿದರು. ಆ ನೇಕಾರರ ಹೆಸರು ಯಾವ ಸ್ಮಾರಕದ ಮೇಲೂ ಕಾಣುವುದಿಲ್ಲ. ಯುದ್ಧದ ಚಿತ್ರಕ್ಕೆ ಇವರಿಗಿಂತ ದೊಡ್ಡ ವೀರರು ಬೇಕೆ?

ಪ್ರಾತಿನಿಧ್ಯದ ಮಾತೆತ್ತಿದಾಗ ಚಿತ್ರರಂಗ ಕೊಡುವ ಉತ್ತರ ನಮಗೆ ಗೊತ್ತಿದೆ. ಒಬ್ಬ ಒಳ್ಳೆಯ ಮುಸ್ಲಿಮನನ್ನು ತಂದು ನಿಲ್ಲಿಸುತ್ತಾರೆ; ಅವನು ನಾಯಕನಿಗಾಗಿ ಗುಂಡೇಟು ತಿಂದು ಅವನ ತೊಡೆಯ ಮೇಲೆ ಸಾಯುತ್ತಾನೆ. ನಾವು ಕೇಳುತ್ತಿರುವುದು ಈ ದಾನವನ್ನಲ್ಲ. 1948ರ ಜುಲೈನಲ್ಲಿ ಕಾಶ್ಮೀರದಲ್ಲಿ ಪಾಕಿಸ್ತಾನದ ವಿರುದ್ಧ ಹೋರಾಡುತ್ತ ಮಡಿದ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಒಂದು ಪಡೆಯ ನಾಯಕರೇ ಆಗಿದ್ದರು. ಇದ್ದವರನ್ನು ಇದ್ದಲ್ಲಿ ತೋರಿಸಿ ಎಂಬುದಷ್ಟೇ ನಮ್ಮ ಕೋರಿಕೆ.

ಇದು ನಮ್ಮ ದೇಶದ ಚಿತ್ರರಂಗದ ರೋಗ ಮಾತ್ರವಲ್ಲ. 1940ರಲ್ಲಿ ಡಂಕರ್ಕ್ ತೀರದಿಂದ ಬ್ರಿಟಿಷ್ ಸೇನೆಯನ್ನು ತೆರವುಗೊಳಿಸಿದಾಗ ಅಲ್ಲಿ ಭಾರತದಿಂದ ಹೋದ ಹೇಸರಗತ್ತೆ ದಳಗಳ ಸಿಪಾಯಿಗಳಿದ್ದರು, ಅವರಲ್ಲಿ ಬಹುಪಾಲು ಪಂಜಾಬಿನ ಮುಸ್ಲಿಮರು. 2017ರ 'ಡಂಕರ್ಕ್' ಚಿತ್ರದಲ್ಲಿ ಅವರು ಕಾಣಲಿಲ್ಲವೆಂದು ಟೀಕೆ ಬಂತು. ಇದಕ್ಕೆ ವಿರುದ್ಧವಾದ ಉದಾಹರಣೆ ಫ್ರಾನ್ಸಿನದು. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಹೋರಾಡಿದ ಅಲ್ಜೀರಿಯ, ಮೊರಾಕ್ಕೊ ಮೊದಲಾದ ದೇಶಗಳ ಸೈನಿಕರ ಬಗ್ಗೆ ರಶೀದ್ ಬೂಶಾರೆಬ್ 2006ರಲ್ಲಿ 'ಇಂಡಿಜೆನ್' ಎಂಬ ಚಿತ್ರ ಮಾಡಿದರು. ಸ್ವಾತಂತ್ರ್ಯಾನಂತರ ಈ ಸೈನಿಕರ ಪಿಂಚಣಿಯನ್ನು ಫ್ರಾನ್ಸ್ ಹಳೆಯ ದರದಲ್ಲಿಯೇ ನಿಲ್ಲಿಸಿಬಿಟ್ಟಿತ್ತು. ಚಿತ್ರ ತೆರೆಕಂಡ ಹೊತ್ತಿಗೆ ಅಧ್ಯಕ್ಷ ಶಿರಾಕ್ ಅವರ ಪಿಂಚಣಿಯನ್ನು ಫ್ರೆಂಚ್ ಸೈನಿಕರ ಮಟ್ಟಕ್ಕೆ ಏರಿಸುವುದಾಗಿ ಘೋಷಿಸಿದರು. ಚಿತ್ರವೊಂದು ನೆನಪನ್ನು ಸರಿಪಡಿಸಿದರೆ ಮುದುಕರ ಮನೆಗೆ ಅನ್ನವೂ ಬರುತ್ತದೆ.

ನಮ್ಮವರ ತಪ್ಪನ್ನೂ ಇಲ್ಲಿ ಹೇಳದೆ ಹೋದರೆ ಲೇಖನ ಏಕಪಕ್ಷೀಯವಾದೀತು. ನಮ್ಮ ಹುಡುಗರು ಟರ್ಕಿಯ 'ಎರ್ತುಗ್ರುಲ್' ಧಾರಾವಾಹಿಯ ಖಡ್ಗಗಳನ್ನು ನೋಡಿ ರೋಮಾಂಚನಗೊಳ್ಳುತ್ತಾರೆ, ಅದರ ಸಂಗೀತವನ್ನು ಮೊಬೈಲಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿಯೂ ಒಂದು ಕಡೆ ಧರ್ಮವೀರರು, ಇನ್ನೊಂದು ಕಡೆ ಕಪಟಿಗಳು. ಟಿಪ್ಪುವನ್ನು ನಾವು ನೆನೆಯುವಾಗ ದಿವಾನ ಪೂರ್ಣಯ್ಯನನ್ನು ಎಷ್ಟು ಸಲ ನೆನೆಯುತ್ತೇವೆ? ಗೆಲುವಿನ ಕಥೆಯಲ್ಲಿ ನಮ್ಮವರಷ್ಟೇ ಇರಬೇಕೆಂಬ ಆಸೆ ನಮ್ಮಲ್ಲಿಯೂ ಇದೆ. ಬೇರೆಯವರ ಏಕಬಣ್ಣದ ಚಿತ್ರವನ್ನು ಟೀಕಿಸಿ ನಮ್ಮ ಏಕಬಣ್ಣದ ಚಿತ್ರವನ್ನು ಮೆಚ್ಚಿದರೆ ಆ ಟೀಕೆಗೆ ಬೆಲೆಯಿರುವುದಿಲ್ಲ.

ಹಾಗಾದರೆ ಯುದ್ಧವನ್ನು ಹೇಳುವ ಬೇರೆ ದಾರಿ ಇದೆಯೆ? ದೂರ ಹೋಗಬೇಕಿಲ್ಲ. ಮೊಹರಮ್ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಹಳ್ಳಿಗೆ ಹೋಗಿ ನೋಡಿ. ಕ್ರಿ.ಶ. 680ರ ಕರ್ಬಲಾ ಯುದ್ಧವನ್ನು ಇಲ್ಲಿಯ ಜನ ತಲೆತಲಾಂತರದಿಂದ ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತ ಬಂದಿದ್ದಾರೆ. ಹಾಡುವವರಲ್ಲಿ ಕುರುಬರಿದ್ದಾರೆ, ಲಿಂಗಾಯತರಿದ್ದಾರೆ, ದಲಿತರಿದ್ದಾರೆ, ಮುಸ್ಲಿಮರಿದ್ದಾರೆ. ಮುಸ್ಲಿಮರ ಮನೆಯೇ ಇಲ್ಲದ ಊರುಗಳಲ್ಲಿಯೂ ಅಲಾಯಿ ಕುಣಿ ತೋಡಿ ಪಂಜಾ ಕೂರಿಸುತ್ತಾರೆ. ಆ ಯುದ್ಧದಲ್ಲಿ ಎರಡೂ ಕಡೆ ಇದ್ದವರು ಮುಸ್ಲಿಮರೇ. ಇಮಾಮ್ ಹುಸೇನರ ಚಿಕ್ಕ ಗುಂಪಿನಲ್ಲಿ ಜೌನ್ ಎಂಬ ಆಫ್ರಿಕಾ ಮೂಲದ ವಿಮುಕ್ತ ಗುಲಾಮನಿದ್ದ. ಶತ್ರುಪಡೆಯ ನಾಯಕ ಹುರ್ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ಹುಸೇನರ ಕಡೆ ಬಂದು ಪ್ರಾಣ ಕೊಟ್ಟ. ಈ ಕಥೆಯನ್ನು ಕೇಳಿದವರು ಯಾರ ಮನೆಗೂ ಕಲ್ಲು ಎಸೆಯಲು ಹೋಗುವುದಿಲ್ಲ. ಬಾಯಾರಿ ಸತ್ತವರ ನೆನಪಿಗೆ ದಾರಿಹೋಕರಿಗೆಲ್ಲ ಶರಬತ್ತು ಕೊಡುತ್ತಾರೆ.

ಇಂಥ ನೆಲದಲ್ಲಿಯೂ 2022ರ ಶಿವರಾತ್ರಿಯಂದು ಆಳಂದದ ದರ್ಗಾ ಆವರಣದ ಪೂಜೆಯ ವಿಷಯದಲ್ಲಿ ಕಲ್ಲು ತೂರಾಟ ನಡೆಯಿತು. ಶತಮಾನಗಳ ಕಾಲ ಒಂದೇ ಗೋಡೆಯೊಳಗಿದ್ದವರು ಎರಡು ಪಾಳೆಯಗಳಾಗಿ ನಿಂತದ್ದನ್ನು ನಾವು ಕಂಡೆವು. ಅದಕ್ಕೆ ಸಿನಿಮಾ ಕಾರಣವೆಂದು ನಾವು ಹೇಳುವುದಿಲ್ಲ. ಊರನ್ನು ಎರಡು ಸೈನ್ಯಗಳಾಗಿ ನೋಡುವ ಅಭ್ಯಾಸ ಕಣ್ಣಿಗೆ ಬಿದ್ದುಬಿಟ್ಟರೆ ಎಲ್ಲ ಜಾಗವೂ ರಣರಂಗವಾಗಿ ಕಾಣತೊಡಗುತ್ತದೆ ಎಂದಷ್ಟೇ ಹೇಳುತ್ತೇವೆ.

1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಮೂರು ತಾಲ್ಲೂಕುಗಳಲ್ಲಿಯೂ ಅಂಥವರು ಇನ್ನೂ ಕೆಲವರಿದ್ದಾರೆ. ರಜಾಕಾರರಿಗೆ ಹೆದರಿ ಗಡಿ ದಾಟಿದವರಿದ್ದಾರೆ. ಸೆಪ್ಟೆಂಬರ್ ನಂತರ ಹೊಲದ ಬಣವೆಗಳಲ್ಲಿ ಅಡಗಿದವರಿದ್ದಾರೆ. ಅವರಿಗೆ ರಾತ್ರಿ ಕದ್ದು ರೊಟ್ಟಿ ಕೊಟ್ಟವರಿದ್ದಾರೆ. ಪ್ರತಿಯೊಬ್ಬ ಹುಡುಗನ ಕೈಯಲ್ಲಿಯೂ ಮಾತನ್ನು ದಾಖಲಿಸುವ ಮೊಬೈಲ್ ಇದೆ. ಬರುವ ಸೆಪ್ಟೆಂಬರ್ 17ರೊಳಗೆ ನಿಮ್ಮೂರಿನ ಒಬ್ಬ ಹಿರಿಯರ ಮುಂದೆ ಕೂತು ಅವರು ಕಂಡದ್ದನ್ನು ಕೇಳಿರಿ. ಅವರು ಹಿಂದೂವಾಗಿದ್ದರೂ ಸರಿ, ಮುಸ್ಲಿಮರಾಗಿದ್ದರೂ ಸರಿ. ಧ್ವಜವಂದನೆಯ ದಿನ ಶೋಯೆಬುಲ್ಲಾ ಖಾನರನ್ನೂ ಗೋರಟಾದಲ್ಲಿ ಸತ್ತವರನ್ನೂ ಪ್ರಾಣ ಕೊಟ್ಟು ಜೊತೆಗಾರರನ್ನು ಉಳಿಸಿದ ಆ ನೇಕಾರರನ್ನೂ ಒಟ್ಟಿಗೆ ನೆನೆಯೋಣ. ನಾಳೆ ಯಾರಾದರೂ ನಮ್ಮ ಊರಿನ ಯುದ್ಧದ ಚಿತ್ರ ತೆಗೆಯಲು ಬಂದರೆ ಅವರ ಕೈಗೆ ಕೊಡಲು ನಮ್ಮ ಬಳಿ ನಮ್ಮ ಕಥೆ ಇರಬೇಕು.